ಪೀಪಿ ಟೀಚರ್ ಮತ್ತು ನಾಲ್ಕಂತಸ್ತಿನ ಪೆಟ್ಟಿಗೆ

ಕೊರಳಲ್ಲಿ ಸದಾ ಪೀಪಿ ನೇತಾಡುತ್ತಿದ್ದುದರಿಂದ ಅವರು ಊರಿಗೆಲ್ಲ ಪೀಪಿ ಟೀಚರ್. ಹಳೆಯ ಮರದ ಗೋದಾಮಿನ ಮೇಲಂತಸ್ತಿನಲ್ಲಿ ಮಕ್ಕಳಿಗೆ ಓಡುವುದು, ಹಾರುವುದು, ಭಾರ ಎತ್ತುವುದು ಕಲಿಸುತ್ತಿದ್ದರು. ನೆಲದ ಮೇಲೆ ಹಗ್ಗದ ಏಣಿ ಹಾಸಿರುತ್ತಿತ್ತು. ಅದರ ಮನೆಗಳೊಳಗೆ ಮಕ್ಕಳು ಚಕಚಕನೆ ಕಾಲಿಡಬೇಕು. ಮೂಲೆಯಲ್ಲಿ ಪುಟ್ಟ ಮರಳು ಚೀಲಗಳು. ನಟ್ಟನಡುವೆ ಪೆಟ್ಟಿಗೆ: ಒಂದರ ಮೇಲೊಂದು ಕೂರುವ ನಾಲ್ಕು ಮರದ ಅಂತಸ್ತು, ಮೇಲೆ ದಪ್ಪ ಬಟ್ಟೆಯ ಹೊದಿಕೆ, ಆಚೆ ಬದಿಗೆ ಮೆತ್ತನೆಯ ಹಾಸು. ಓಡಿ ಬಂದು, ಎರಡೂ ಅಂಗೈ ಊರಿ, ಅದನ್ನು ದಾಟಬೇಕು. ಮೊದಲು ಒಂದೇ ಅಂತಸ್ತು, ಮಗು ಕಲಿತಂತೆ ಒಂದೊಂದಾಗಿ ಏರಿಸುತ್ತಿದ್ದರು.

ದಾಟಿದ ಮಗು ಬೇರೆಯೇ ಮಗುವಾಗುತ್ತಿತ್ತು. ಇದು ಬಣ್ಣ ಕಟ್ಟಿ ಹೇಳಿದ ಮಾತಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದ ಮಕ್ಕಳು ಮೂರನೆಯ ಅಂತಸ್ತು ದಾಟಿದ ವಾರವೇ ಎದ್ದು ನಿಂತು ಉತ್ತರ ಹೇಳಿದ್ದುಂಟು. "ಇವನು ಶುದ್ಧ ಮೊದ್ದು, ಸ್ವಲ್ಪ ಚುರುಕು ಮಾಡಿ" ಎಂದು ಯಾರಾದರೂ ಅಪ್ಪ ಮಗನನ್ನು ತಂದು ಬಿಟ್ಟರೆ, ಟೀಚರ್ ಮೊದಲು ಆ ಅಪ್ಪನನ್ನೇ ಹಗ್ಗದ ಏಣಿಗೆ ಇಳಿಸುತ್ತಿದ್ದರು. ಎರಡನೆಯ ಮನೆಗೇ ಕಾಲು ತೊಡರಿ ಅಪ್ಪ ಮುಗ್ಗರಿಸಿದಾಗ ಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅರ್ಧ ಅಂಜಿಕೆ ಅಲ್ಲಿಗೇ ಇಳಿದುಹೋಗುತ್ತಿತ್ತು.

ಪೆಟ್ಟಿಗೆಗೆ ಒಂದು ಕಟ್ಟಳೆಯಿತ್ತು. ಓಡುವ ಮುನ್ನ ಮಗು ಗಟ್ಟಿಯಾಗಿ ಕೇಳಬೇಕು: "ಕೈ ಇದೆಯಾ ಟೀಚರ್?" ಪೆಟ್ಟಿಗೆಯ ಆಚೆ ನಿಂತ ಟೀಚರ್ "ಇದೆ, ಬಾ" ಅನ್ನುತ್ತಿದ್ದರು. ವಾಲಿದರೆ ಆ ಕೈ ಸೊಂಟಕ್ಕೆ ಬಂದೇ ಬರುತ್ತಿತ್ತು. ಕೆಲವು ತಿಂಗಳಾದ ಮೇಲೆ ಮಗು ಕೇಳುವುದನ್ನೇ ಮರೆತು ಓಡಿಬಿಡುತ್ತಿತ್ತು. ಟೀಚರ್ ಕಾಯುತ್ತಿದ್ದುದು ಆ ದಿನಕ್ಕೆ. ಮೂವತ್ತೊಂದು ವರ್ಷದಲ್ಲಿ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಈಚೆಗೆ ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಮೊದಲು ಗುಂಡಿ ಹಾಕಿಕೊಳ್ಳುವುದು ತಡವಾಯಿತು, ಆಮೇಲೆ ಲೋಟ ಜಾರಿತು. ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, "ನರದ ತೊಂದರೆ ಅಮ್ಮಾ. ಹಿಡಿತ ಕಮ್ಮಿ ಆಗ್ತಾ ಹೋಗುತ್ತೆ. ಮಕ್ಕಳನ್ನ ಹಿಡಿಯೋ ಕೆಲಸ ಬಿಟ್ಟುಬಿಡಿ" ಎಂದರು. ಟೀಚರ್ ತಲೆಯಾಡಿಸಿ ಹೊರಗೆ ಬಂದರು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ, ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಆ ಪೆಟ್ಟಿಗೆಯ ಪಕ್ಕ ನಿಲ್ಲದಿದ್ದರೆ ಇನ್ನೆಲ್ಲಿ ನಿಲ್ಲಬೇಕೆಂಬುದೇ ಅವರಿಗೆ ತಿಳಿಯಲಿಲ್ಲ. ಬಲಗೈ ಸೋತರೆ ಎಡಗೈ ಇದೆಯಲ್ಲ, ಇನ್ನೊಂದು ತಿಂಗಳು ನೋಡೋಣ ಎಂದುಕೊಂಡರು. ತನಗೆ ತಾನೇ ಟೋಪಿ ಹಾಕಿಕೊಳ್ಳುವುದು ಎಷ್ಟು ಸಲೀಸು ನೋಡಿ, ಒಂದು ತಿಂಗಳು ಹೋಗಿ ಆರಾಯಿತು.

ಗುಬ್ಬಿ ಸೇರಿದ್ದು ಆ ಆರು ತಿಂಗಳಲ್ಲೇ. ಒಂಬತ್ತು ವರ್ಷದ ಹುಡುಗಿ, ಮಾತನಾಡಿಸಿದರೆ ಅಮ್ಮನ ಬೆನ್ನ ಹಿಂದೆ ಅಡಗುತ್ತಿದ್ದಳು. ಅಮ್ಮ ಹೊಲಿಗೆ ಅಂಗಡಿಯವಳು. ಚಿಕ್ಕವಳಿದ್ದಾಗ ಅದೇ ಪೆಟ್ಟಿಗೆ ಹಾರಿ ಬೆಳೆದವಳು, ಟೀಚರ್ ಎಂದರೆ ಪ್ರಾಣ. ಗುಬ್ಬಿ ಒಂದೊಂದೇ ಅಂತಸ್ತು ದಾಟಿದಳು. ಎರಡನೆಯದು ದಾಟಿದ ದಿನ ಬೀದಿಯುದ್ದಕ್ಕೂ ಅಮ್ಮನ ಮುಂದೆ ಮುಂದೆ ನಡೆದುಕೊಂಡು ಮನೆಗೆ ಹೋಗಿದ್ದಳಂತೆ.

ಮೂರನೆಯ ಅಂತಸ್ತಿನ ದಿನ ಅವಳು ಕೇಳಿದಳು. ಟೀಚರ್ "ಇದೆ, ಬಾ" ಎಂದರು. ಓಟ ಚೆನ್ನಾಗಿತ್ತು, ಅಂಗೈ ಸರಿಯಾಗಿ ಊರಿದಳು, ಕಾಲು ಮೇಲೆ ಬಂತು, ಮೈ ತುಸು ಎಡಕ್ಕೆ ವಾಲಿತು. ಟೀಚರ್ ಬೆರಳುಗಳು ಅವಳ ಸೊಂಟ ಮುಟ್ಟಿದವು, ಮಡಚಿಕೊಳ್ಳಲಿಲ್ಲ. ಗುಬ್ಬಿ ಹಾಸಿನ ಅಂಚು ತಪ್ಪಿ ನೆಲಕ್ಕೆ ಬಿದ್ದಳು. ಮಣಿಕಟ್ಟು ಮುರಿಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಮಗಳಿಗೇ ಗದರಿದಳು. "ಟೀಚರ್ ಕೈ ತಪ್ಪೋದಾ? ಸಾಧ್ಯವೇ ಇಲ್ಲ. ನೀನೇ ಎಲ್ಲೋ ನೋಡ್ಕೊಂಡು ಹಾರಿದೀಯ." ಪಕ್ಕದಲ್ಲೇ ಕುಳಿತಿದ್ದ ಟೀಚರ್ ಅದನ್ನು ಕೇಳಿಸಿಕೊಂಡರು. ಇವತ್ತು ಬೇಡ, ನಾಳೆ ಹೇಳುತ್ತೇನೆ ಎಂದುಕೊಂಡರು. ನಾಳೆಯೂ ಹೇಳಲಿಲ್ಲ.

ಎರಡು ವಾರದ ಮೇಲೆ ಹೊಲಿಗೆ ಅಂಗಡಿಗೆ ಹೋದರು. ಗುಬ್ಬಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಟ್ಟೆ ಚೂರುಗಳ ಗುಡ್ಡೆಯ ಪಕ್ಕ ಕುಳಿತಿದ್ದಳು.

"ಏನ್ ಹೇಳಲಿ ಟೀಚರ್," ಅಮ್ಮ ಮಿಷನ್ ತುಳಿಯುತ್ತಲೇ ಅಂದಳು. "ಮೆಟ್ಟಿಲು ಇಳಿಯೋಕೂ ನನ್ನನ್ನ ಕರೀತಾಳೆ. ಸ್ಕೂಲಲ್ಲಿ ಮತ್ತೆ ಬಾಯಿ ಬಿಡಲ್ಲವಂತೆ. ಕೇಳಿದ್ರೆ, ನನಗೆ ಏನೂ ಸರಿಯಾಗಿ ಮಾಡಕ್ಕೆ ಬರಲ್ಲ ಅಂತಾಳೆ."

ಗುಬ್ಬಿ ತಲೆ ಎತ್ತಲಿಲ್ಲ. "ಸಾರಿ ಟೀಚರ್," ಎಂದಳು. "ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು."

ಮೂವತ್ತೊಂದು ವರ್ಷ ಮಕ್ಕಳ ಬೆನ್ನಿಗೆ ನಿಂತಿದ್ದು ಒಂದು ಮಗುವಿನ ಬಾಯಲ್ಲಿ ಈ ಮಾತು ಕೇಳುವುದಕ್ಕಾ? ಟೀಚರ್ ನೆಲದ ಮೇಲೆ, ಆ ಚೂರುಗಳ ನಡುವೆಯೇ ಕುಳಿತುಬಿಟ್ಟರು.

"ಗುಬ್ಬೀ, ಇಲ್ಲಿ ನೋಡು. ಅವತ್ತು ತಪ್ಪಿದ್ದು ನನ್ನ ಕೈ. ಇದಕ್ಕೆ ಕಾಯಿಲೆ. ಡಾಕ್ಟರು ಬೇಡ ಅಂದ್ರೂ ನಾನು ನಿಲ್ತಾ ಇದ್ದೆ. ಕೈ ಇದೆ ಅಂತ ನಿಂಗೆ ಸುಳ್ಳು ಹೇಳಿದೆ ಕಣೇ."

ಮಿಷನ್ ನಿಂತಿತು. ಗುಬ್ಬಿ ಆ ಕೈಯನ್ನು ನೋಡಿದಳು. ಅದು ತೊಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು.

"ಹಾಗಾದ್ರೆ ನಾನು ಸರಿಯಾಗೇ ಹಾರಿದ್ನಾ?"

"ಸರಿಯಾಗೇ ಹಾರಿದೆ. ಮೊದಲ ಸಲ ಎಲ್ಲರೂ ಅಷ್ಟು ವಾಲ್ತಾರೆ. ನಿಮ್ಮಮ್ಮನೂ ವಾಲಿದ್ಲು."

ಹುಡುಗಿಯ ಬೆನ್ನು ನೆಟ್ಟಗಾಯಿತು. ಅಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಟೀಚರ್ ಕಡೆ ತಿರುಗಿದಳು.

"ಡಾಕ್ಟರು ಯಾವಾಗ ಹೇಳಿದ್ದು?"

"ಆರು ತಿಂಗಳಾಯ್ತು."

"ಎರಡು ವಾರದಿಂದ ನಾನು ಇವಳನ್ನ ಬೈತಾ ಇದೀನಿ ಟೀಚರ್," ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿಯೇ ಇತ್ತು. "ಸೋಮವಾರದಿಂದ ಪೆಟ್ಟಿಗೆ ಹತ್ರ ನಾನು ನಿಲ್ತೀನಿ. ನೀವು ಬೇಡ."

ಸೋಮವಾರ ಟೀಚರ್ ಮಕ್ಕಳನ್ನೆಲ್ಲ ಕೂರಿಸಿ ಅದೇ ಮಾತನ್ನು ಮತ್ತೊಮ್ಮೆ ಹೇಳಿದರು, ಯಾವುದನ್ನೂ ಮುಚ್ಚಿಡಲಿಲ್ಲ. ಮಕ್ಕಳು ಮಿಕಮಿಕ ನೋಡಿದರು, ಆಮೇಲೆ ಸಾಲು ನಿಂತರು. ಹೊಲಿಗೆ ಅಂಗಡಿಯವಳು ತೋಳೇರಿಸಿಕೊಂಡು ಪೆಟ್ಟಿಗೆಯ ಆಚೆ ನಿಂತಳು. ಟೀಚರ್ ಗೋಡೆ ಬದಿಯ ಬೆಂಚಿಗೆ ಹೋಗಿ ಕುಳಿತರು. ಮಕ್ಕಳು ಹಾರುವುದನ್ನು ಅವರು ಕೂತು ನೋಡಿದ್ದು ಅದೇ ಮೊದಲು.

ಪಟ್ಟಿ ಬಿಚ್ಚುವವರೆಗೆ ಹಾರುವಂತಿಲ್ಲವಾದ್ದರಿಂದ ಗುಬ್ಬಿಯೂ ಅದೇ ಬೆಂಚಿಗೆ ಬಂದಳು. ಹಾರುವವರಿಗೆ "ಕಾಲು ಎತ್ತೋ! ಅಂಜಬೇಡ್ವೋ!" ಎಂದು ಗೋದಾಮಿನ ಸೂರು ಹಾರಿಹೋಗುವಂತೆ ಕೂಗಿದಳು. ಆ ದನಿಯಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ಟೀಚರ್‌ಗೆ ಸಂತೋಷವಾಯಿತು, ಅವಳ ಕಡೆ ತಿರುಗಿದರು.

ಹುಡುಗಿ ಬೆಂಚಿನ ಆ ತುದಿಯಲ್ಲಿ ಕುಳಿತಿದ್ದಳು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಟೀಚರ್ ಆ ಜಾಗವನ್ನು ನೋಡಿದರು. ಹತ್ತಿರ ಸರಿಯಲು ಅವರಿಗೆ ಮನಸ್ಸು ಬರಲಿಲ್ಲ.