ಮೂರನೇ ಸಲದ ಒಲ್ಲೆ

ಪಣಜಿಯಲ್ಲಿ ಪೋರ್ಚುಗೀಸ್ ಬರುವ ಗೈಡುಗಳಿಗೆ ಬರವಿಲ್ಲ, ಸ್ಪ್ಯಾನಿಷ್ ಬರುವವರು ಮಾತ್ರ ಕಡಿಮೆ. ಗೋಡಂಬಿ ಅಂಗಡಿಯ ಕೌಂಟರಿನಲ್ಲಿ ಎರಡು ವರ್ಷ ನಿಂತ ಅಸ್ಮಾ ಇದನ್ನು ಗಿರಾಕಿಗಳನ್ನು ನೋಡಿಯೇ ತಿಳಿದುಕೊಂಡಳು. ಅಂಗಡಿ ಮುಚ್ಚಿದ ಮೇಲೆ ಸ್ಪ್ಯಾನಿಷ್ ತರಗತಿಗೆ ಹೋಗತೊಡಗಿದಳು. ಅವರ ಮನೆ ಪಣಜಿಯ ಹೊರಗಿನ ಚಿಂಬಲ್‌ನಲ್ಲಿ. ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಅಪ್ಪ ಅಲ್ಲಾಬಕ್ಷ ಕೇಳಿದ್ದು ಒಂದೇ ಪ್ರಶ್ನೆ: "ಆ ದೇಶಕ್ಕ ಚಿಂಬಲ್‌ನಿಂದ ಬಸ್ ಐತೇನವಾ?"

ಗುರುಕಿರಣ ಸರ್ ಅವರ ಪ್ರವಾಸ ಕಚೇರಿಯಲ್ಲಿ ಬುಕಿಂಗ್ ನೋಡಿಕೊಳ್ಳುವ ನಾನೂ ಅದೇ ತರಗತಿಗೆ ಸೇರಿದ್ದೆ. ಮೂರನೇ ತಿಂಗಳಲ್ಲಿ ಭೂತಕಾಲ ಬಂತು, ನಾನು ಬಿಟ್ಟೆ. ಆ ಭಾಷೆಯಲ್ಲಿ ಭೂತಕಾಲ ಎರಡು ಬಗೆ. ಕೆಲವು ಕ್ರಿಯಾಪದಗಳು ಒಂದರಿಂದ ಇನ್ನೊಂದಕ್ಕೆ ಹೋದರೆ ಅರ್ಥವನ್ನೇ ಬದಲಿಸುತ್ತವೆ. 'ಸಬೀಆ' ಎಂದರೆ ಗೊತ್ತಿತ್ತು. ಅದೇ ಪದ 'ಸುಪೆ' ಆದರೆ ಆ ಗಳಿಗೆಯಲ್ಲಿ ಗೊತ್ತಾಯಿತು. 'ಕೊನೊಸೀಆ' ಎಂದರೆ ಪರಿಚಯವಿತ್ತು, 'ಕೊನೊಸಿ' ಎಂದರೆ ಮೊದಲ ಸಲ ಭೇಟಿಯಾದೆ. ನನಗೆ ತಲೆ ಸುತ್ತಿದ್ದು ಇಲ್ಲಿಯೇ. ಅಸ್ಮಾ ಮಾತ್ರ ಬಸ್ಸಿನಲ್ಲಿ, ನೀರಿನ ಸಾಲಿನಲ್ಲಿ, ಒಲೆಯ ಮುಂದೆ ಅವನ್ನೇ ಗುನುಗುತ್ತಿದ್ದಳು.

ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ತಾಯಿ ಲಾಡಬಿ ರೊಟ್ಟಿ ಬಡಿಯುತ್ತಿದ್ದರು. ಅಸ್ಮಾ ಪುಸ್ತಕ ಹಿಡಿದು ಕೂತಿದ್ದಳು.

"ನೊ ಕೆರೀಆ ಅಂದ್ರ ನಂಗ ಬ್ಯಾಡಾಗಿತ್ತು. ನೊ ಕಿಸೆ ಅಂದ್ರ ಒಲ್ಲೆ ಅಂತ ಖಡಾಖಂಡಿತ ಹೇಳಿಬಿಟ್ಟೆ."

"ಯಾರ ಕಿಸೇದಾಗ ಕೈ ಹಾಕಾಕತ್ತೀಯ?" ಎಂದರು ಲಾಡಬಿ.

"ಅಮ್ಮೀ, ನಗಸಬ್ಯಾಡ. ಮನಸ್ಸಿನಾಗ ಬ್ಯಾಡ ಅನ್ಸೂದು ಬ್ಯಾರೆ, ಬಾಯಿಬಿಟ್ಟು ನಿರಾಕರಿಸೂದು ಬ್ಯಾರೆ. ಇದು ನೆನಪ ಉಳಿಯಾಂಗಿಲ್ಲ ನಂಗ."

ಲಾಡಬಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದರು. "ಸಾಕ್ರಿ, ಒಲ್ಲೆ" ಎಂದೆ. ಹಾಕಿಯೇಬಿಟ್ಟರು.

"ಇದು ಮೊದಲನೇ ಒಲ್ಲೆ, ಲೆಕ್ಕಕ್ಕ ಬರಂಗಿಲ್ಲ," ಎಂದರು. "ಎರಡನೇದೂ ಸಂಕೋಚಕ್ಕ ಅಂತಾರ. ಮೂರನೇ ಸಲ ಒಲ್ಲೆ ಅಂದ್ರ ಆಗ ಖರೇ."

ಅಸ್ಮಾ ಜಿಗಿದು ಎದ್ದಳು. "ಹಂಗಾರ ಮೊದಲ ಎರಡು ನೊ ಕೆರೀಆ, ಮೂರನೇದು ನೊ ಕಿಸೆ! ಸಿಕ್ತು ನೋಡ ಮೃದುಲಾ!" ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ಆ ಪಾಠ ಅವಳು ಮತ್ತೆಂದೂ ಮರೆಯಲಿಲ್ಲ. ತೊಂದರೆ ಶುರುವಾದದ್ದೂ ಅದರಿಂದಲೇ.

ನಮ್ಮ ಕಚೇರಿಗೆ ಸ್ಪ್ಯಾನಿಷ್ ಗೈಡ್ ಬೇಕಾದಾಗ ನಾನು ಅವಳ ಹೆಸರು ಹೇಳಿದೆ. ಗುರುಕಿರಣ ಸರ್ ಧಾರವಾಡದವರು, ಎಲ್ಲವನ್ನೂ ಪರೀಕ್ಷೆ ಮಾಡಿಯೇ ಒಪ್ಪುವವರು. "ಗುರುವಾರ ಸ್ಪೇನ್‌ನಿಂದ ಆರು ಮಂದಿ ಬರ್ತಾರ. ಹಳೇ ಓಣಿಗೋಳು ತೋರಿಸಲಿ. ಮಧ್ಯಾಹ್ನ ಊಟಕ್ಕ ಹೋಟೆಲ್‌ಗೆ ಕರಕೊಂಡು ಬರಲಿ. ಅಲ್ಲೇ ಅವ್ರನ್ನ ಕೇಳ್ತೀನಿ, ಈ ಹುಡುಗಿ ನಡೀತಾಳೋ ಇಲ್ಲೋ ಅಂತ." ಒಪ್ಪಿದರೆ ಗೈಡ್ ಕೆಲಸ, ಇಲ್ಲದಿದ್ದರೆ ಮತ್ತೆ ಗೋಡಂಬಿ ಕೌಂಟರು.

ಗುರುವಾರ ನಾನೂ ಜೊತೆಗೆ ನಡೆದೆ. ಅಸ್ಮಾ ಕಿಟಕಿ, ಬಾಗಿಲು, ಬಾವಿ ಎಲ್ಲವನ್ನೂ ತೋರಿಸುತ್ತ ನಿರರ್ಗಳವಾಗಿ ಮಾತಾಡಿದಳು. ಪಿಲಾರ್ ಎಂಬ ನಿವೃತ್ತ ಸ್ಪ್ಯಾನಿಷ್ ಶಿಕ್ಷಕಿ ಅವಳ ಪಕ್ಕ ಬಿಡಲೇ ಇಲ್ಲ. ಹನ್ನೊಂದು ಗಂಟೆಗೆ ಒಂದು ಮನೆಯ ಮೆಟ್ಟಿಲ ಮೇಲೆ ಎಲ್ಲರೂ ಕೂತರು. ಅಸ್ಮಾ ಲಾಡಬಿ ಮಾಡಿಕೊಟ್ಟ ಶೇಂಗಾ ಹೋಳಿಗೆ ತೆಗೆದಳು. ಒಂದೊಂದು ತಿಂದರು, ಹೊಗಳಿದರು. ಎರಡನೆಯದಕ್ಕೆ ಕೈ ಅಡ್ಡ ಮಾಡಿದರು. ಅಸ್ಮಾ ನಕ್ಕು ಮತ್ತೆ ನೀಡಿದಳು, ತಗೊಂಡರು. ಮೂರನೆಯದಕ್ಕೆ ಒಬ್ಬ ದಪ್ಪ ಮೀಸೆಯವರು ಹೊಟ್ಟೆ ಮುಟ್ಟಿ ತೋರಿಸಿದರು. ಇದಿನ್ನೂ ಎರಡನೇ ಒಲ್ಲೆ ಎಂದು ಅವಳು ಅವರ ಕೈಗೇ ಇಟ್ಟಳು. ಡಬ್ಬಿ ಖಾಲಿಯಾಯಿತು. ಅವಳ ಮುಖ ಅರಳಿತ್ತು.

ಹೋಟೆಲಿನಲ್ಲಿ ಮೀನು, ಅನ್ನ, ಕುಡಿಯಲು ಕೋಕಂ ಹುಳಿಯ ಸೋಲಕಡಿ ಬಂತು. ಆರು ಮಂದಿಯೂ ತಟ್ಟೆ ನೋಡುತ್ತ ಕೂತರು. ಮೀಸೆಯವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಗುರುಕಿರಣ ಸರ್ ಅವಳನ್ನು ಬದಿಗೆ ಕರೆದರು. "ಏನ್ ಮಾಡಿದಿ ಇವ್ರಿಗೆ?"

"ಶೇಂಗಾ ಹೋಳಿಗೀ ಕೊಟ್ಟೆ ಸರ್. ಮೂರನೇ ಸಲ ಯಾರೂ ಒಲ್ಲೆ ಅನಲಿಲ್ಲ."

"ಅಯ್ಯೋ ಹುಚ್ಚೀ! ಇವ್ರೇನು ನಮ್ಮ ಬೀಗರೇನ? ಇವ್ರ ಕಡೆ ಒಮ್ಮೆ ಒಲ್ಲೆ ಅಂದ್ರ ಮುಗೀತು. ನಾ ಏನೂ ಹೇಳಂಗಿಲ್ಲ, ನೀನೇ ಹೋಗಿ ಹೇಳು."

ಅಸ್ಮಾ ಹೆದರಿದ್ದಳು. ಆದರೂ ಮೇಜಿನ ಮುಂದೆ ನಿಂತು ಮುಚ್ಚುಮರೆಯಿಲ್ಲದೆ ಹೇಳಿದಳು. ಅರ್ಧಂಬರ್ಧ ಕಲಿತಿದ್ದರೂ ನನಗೆ ತಿಳಿಯಿತು: ನಮ್ಮ ಮನೆಯಲ್ಲಿ ಮೊದಲ ಎರಡು ಬೇಡಗಳನ್ನು ಯಾರೂ ಎಣಿಸುವುದಿಲ್ಲ. ನಿಮ್ಮಲ್ಲಿ ಹಾಗಲ್ಲವೆಂದು ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ನಿಮಗೆ ಬೇಡವಾಗಿತ್ತು, ನಾನು ಬಿಡಲಿಲ್ಲ. ತಪ್ಪು ನನ್ನದು, ಅಮ್ಮನದಲ್ಲ.

ಮೀಸೆಯವರು ಕಣ್ಣು ತೆರೆದು ಏನೋ ಅಂದರು, ಮೇಜಿಗೆ ಮೇಜೇ ನಕ್ಕಿತು. ಅಸ್ಮಾ ನನಗೆ ಅನುವಾದಿಸಿದಳು: "ಒಲ್ಲೆ ಅಂದ್ರ ನಮ್ಮ ಅಮ್ಮಿಗೆ ಅವಮಾನ ಆಗ್ತೈತಿ ಅಂತ ಇವ್ರು ಜೀವಾ ಹಿಡ್ಕೊಂಡು ತಿಂದಾರಂತ!"

ಗುರುಕಿರಣ ಸರ್ ಇಂಗ್ಲಿಷಿನಲ್ಲಿ ತಮ್ಮ ಪ್ರಶ್ನೆ ಕೇಳಿದರು. ಉತ್ತರ ಕೊಟ್ಟವರು ಪಿಲಾರ್. ನಲವತ್ತು ವರ್ಷ ವಿದೇಶಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ, ಗೊತ್ತಿರುವ 'ಸಬೀಆ'ಕ್ಕೂ ಗೊತ್ತಾಗುವ 'ಸುಪೆ'ಗೂ ನಡುವಿನ ಗೆರೆಯನ್ನು ಅಷ್ಟು ಹೆದರಿಕೆಯಲ್ಲೂ ತಪ್ಪದೆ ದಾಟಿದವರು ಬಲು ಕಡಿಮೆ, ಅಂದರು. ಹಾದಿಯುದ್ದಕ್ಕೂ ಒಂದು ಗಳಿಗೆಯೂ ಬೇಸರವಾಗಲಿಲ್ಲ, ಮಾಡಿದ್ದನ್ನು ಮಾಡಿದೆ ಎಂದೂ ಒಪ್ಪಿದಳು. ಇವಳನ್ನು ಬಿಟ್ಟರೆ ನಿಮಗೇ ನಷ್ಟ.

ಊಟವನ್ನು ಆರು ಪೊಟ್ಟಣ ಕಟ್ಟಿಸಲಾಯಿತು. ಗುರುಕಿರಣ ಸರ್ ಮುಖ ಬಿಗಿದುಕೊಂಡೇ ಹೇಳಿದರು: "ಮೃದುಲಾ, ಶನಿವಾರದ ಗುಂಪಿಗೆ ಇಕಿ ಹೆಸರು ಬರಿ. ತಿನಿಸು ಒಮ್ಮೆ ಮಾತ್ರ ಕೇಳಬೇಕು, ಅದನ್ನೂ ಬರಿ."

ಕಚೇರಿಗೆ ಬಂದು ಬೋರ್ಡಿನ ಮೇಲೆ ಬರೆದೆ. ಅಸ್ಮಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ಫೋಟೊ ತೆಗೆದು ಅಪ್ಪನಿಗೆ ಕಳಿಸಿದಳು. ಆಮೇಲೆ ಗಡಿಯಾರ ನೋಡಿ ಚೀಲ ಎತ್ತಿಕೊಂಡಳು. ಮೂರು ಗಂಟೆಗೆ ಗೋಡಂಬಿ ಅಂಗಡಿಯ ಪಾಳಿ.

"ಇನ್ನೂ ಯಾಕ ಹೊಂಟಿ?" ಎಂದೆ.

"ಬಿಡ್ತೀನಿ ಅಂತ ಹೇಳಾಕರ ಹೋಗಬೇಕಲ್ಲವಾ!" ಎನ್ನುತ್ತ ಮೆಟ್ಟಿಲಿಳಿದು ಓಡಿದಳು.