ಹಿತ್ತಾಳೆ ತಟ್ಟೆಯ ಕೆಳಗಿನ ಆಕಾಶ

ಯಾರಾದರೂ ದೆವ್ವ, ಪವಾಡ ಅಂತ ಬಾಯಿ ತೆರೆದರೆ ಮೊದಲು ನಗುತ್ತಿದ್ದವಳು ನಾನೇ. ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು ಇನ್ನೇನು ಮಾಡಿಯಾಳು? ಈಗ ನಂಬುತ್ತೇನೆ ಅಂತಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಮಲ್ಲಟದ ನಮ್ಮ ಮಾಳಿಗೆಯ ಮೇಲೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಗುವುದಿದ್ದರೆ ನಕ್ಕುಬಿಡಿ.

ಆಗ ನಾನು ಸಂಜೆಬೆಳಕಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಸೂರ್ಯ ಮುಳುಗಿದ ಮೇಲೆ ಭೂಮಿಯ ನೆರಳು ಆಕಾಶದಲ್ಲಿ ಮೇಲೆ ಮೇಲೆ ಏರುತ್ತದೆ. ಅದಕ್ಕಿಂತ ಎತ್ತರದ ಗಾಳಿಗಷ್ಟೇ ಇನ್ನೂ ಬಿಸಿಲು ತಾಗುತ್ತಿರುತ್ತದೆ. ನೆತ್ತಿಯ ಮೇಲಿನ ಆ ಬೆಳಕು ಹೇಗೆ ಕುಗ್ಗುತ್ತದೆ ಎಂದು ಅಳೆದರೆ, ವಿಮಾನ ಹಾರುವುದಕ್ಕಿಂತ ಮೇಲಿರುವ ಧೂಳು, ತೆಳು ಮೋಡ ಎಲ್ಲಿವೆ ಎಂದು ತಿಳಿಯುತ್ತದೆ. ಅಂಥ ಪದರ ಇದ್ದಲ್ಲಿ ಅಳತೆಯ ಗೆರೆ ನುಣ್ಣಗೆ ಇಳಿಯದೆ ಸ್ವಲ್ಪ ಉಬ್ಬುತ್ತದೆ. ಇದನ್ನು ಅಳೆಯಲು ಮಸೂರ, ಕೆಂಪು ಗಾಜು, ಬೆಳಕು ಅಳೆಯುವ ಸೆನ್ಸರ್ ಕೂಡಿಸಿ ನಾನೇ ಎರಡು ಕೊಳವೆ ಮಾಡಿಕೊಂಡಿದ್ದೆ.

ಉಬ್ಬು ಸಿಕ್ಕಿತ್ತು! ಆದರೆ ನನ್ನ ಮಾರ್ಗದರ್ಶಕರಾದ ಸರ್ ಒಪ್ಪಬೇಕಲ್ಲ?

"ಇದು ಊರಾಗಿನ ಹೊಗಿ ಇರಬೇಕು, ಇಲ್ಲಾ ನಿನ್ನ ಮಷೀನ್ ಖರಾಬ್ ಆಗ್ಯಾದ. ಒಂದ ಸಂಜಿ ನಾ ರಾಯಚೂರಾಗ ಅಳಿತೀನಿ, ನೀ ದೂರ ಹಳ್ಳಿಗೆ ಹೋಗಿ ಅಳಿ. ಎರಡೂ ಕಡಿ ಒಂದ ಎತ್ತರಕ್ಕ ಬಂದ್ರ ಖರೆ. ಇಲ್ಲಂದ್ರ ಈ ವಿಷಯಾನ ಬಿಟ್ಟಬಿಡವಾ," ಎಂದರು.

ವರ್ಷಗಟ್ಟಲೆ ಕತ್ತು ನೋಯುವಷ್ಟು ಆಕಾಶ ನೋಡಿದ್ದೆ. ಬಿಡಬೇಕಂತೆ! ಸಿಟ್ಟಿನಲ್ಲೇ ಒಂದು ಕೊಳವೆ ಅವರಿಗೆ ಬಿಟ್ಟು, ಇನ್ನೊಂದನ್ನು ಹೊತ್ತು ಗಂಡನ ಊರಾದ ಮಲ್ಲಟಕ್ಕೆ ಹೋದೆ.

ಹೊತ್ತು ಮುಳುಗುವ ಮುಂಚೆ ಮಾಳಿಗೆಯ ಮೇಲೆ ಕೊಳವೆ ನೆಟ್ಟಗೆ ನಿಲ್ಲಿಸಿ, ಮುಚ್ಚಳ ತೆಗೆದು, ವೈರು ಕೆಳಗಿಳಿಸಿದೆ. ಲ್ಯಾಪ್‌ಟಾಪಿನ ಬೆಳಕು ಅಳತೆ ಕೆಡಿಸಬಾರದೆಂದು ಕೆಳಗಿನ ಕೋಣೆಯಲ್ಲಿ ಕೂತೆ. ಗೆರೆ ನಿಧಾನ ಇಳಿಯಿತು, ಇಳಿಯಿತು, ಆಮೇಲೆ ಅದೇ ಜಾಗದಲ್ಲಿ ಉಬ್ಬಿತು. ಕುಣಿಯುವುದೊಂದು ಬಾಕಿ. ಗೆರೆಯನ್ನು ಸರ್‌ಗೆ ಕಳಿಸಿದೆ. ತುಸು ಹೊತ್ತಿಗೆ ಅವರ ಫೋನು: "ಯವ್ವಾ, ಗೆದ್ದಿ ನೋಡು! ನನ್ನ ಕೊಳವ್ಯಾಗೂ ಅದ ಎತ್ತರಕ್ಕ ಬಂದದ!"

ದೀಪ ಹಚ್ಚಿ ಬಂದ ಅತ್ತೆಯನ್ನು ಹಿಡಿದು ತಿರುಗಿಸಿಬಿಟ್ಟೆ. "ಬಿಡಬೇ, ಬೀಳ್ತೀನಿ!" ಎಂದು ಅವರೂ ನಕ್ಕರು. ಅದೇ ಹುರುಪಿನಲ್ಲಿ ಇಬ್ಬರೂ ಕೊಳವೆ ಇಳಿಸಲು ಮೇಲೆ ಹೋದೆವು.

ಕೊಳವೆಯ ಬಾಯಿಗೆ ಹಿತ್ತಾಳೆ ತಟ್ಟೆ ಮುಚ್ಚಿತ್ತು. ತಟ್ಟೆಯ ಮೇಲೊಂದು ಕಲ್ಲು.

"ಅತ್ತೀ, ಇದನ್ನ ಯಾವಾಗ ಮುಚ್ಚಿದ್ರಿ?"

"ನೀ ಇಳದ ಹೋದಿ, ನಾ ಒಣಹಾಕಿದ್ದ ಮೆಣಸಿನಕಾಯಿ ತುಂಬಾಕ ಬಂದೆ. ಹೊತ್ತು ಇನ್ನಾ ಮುಳುಗಿದ್ದಿಲ್ಲ. ದೀಪ ಹಚ್ಚೋ ಹೊತ್ತಿಗೆ ಮನ್ಯಾಗ ಯಾವುದರ ಬಾಯೀನೂ ತೆರದಿರಬಾರದು. ಕೊಡ ಮುಚ್ಚಿದಂಗ ಮುಚ್ಚಿದೆ. ಯಾಕ, ತಪ್ಪಾತೇನು?"

ಅಂದರೆ ಕೊಳವೆ ಆಕಾಶವನ್ನು ನೋಡಿಯೇ ಇರಲಿಲ್ಲ.

ಸರ್‌ಗೆ ಕೂಡಲೇ ಫೋನು ಮಾಡಿ ಹೇಳಿದೆ. "ಹಂಗಾದ್ರ ಇವತ್ತಿಂದು ಲೆಕ್ಕಕ್ಕಿಲ್ಲ. ಮತ್ತ ಅಳಿ," ಎಂದರು.

ಅಳೆದೆ. ಮೊದಲು ದೇವದುರ್ಗದಲ್ಲಿ, ಆಮೇಲೆ ಮಾನ್ವಿಯಲ್ಲಿ. ಕಾಳು ಒಣಹಾಕಿದವರು ಕೋಳಿ ಕಾಯುವ ಹಾಗೆ, ಲ್ಯಾಪ್‌ಟಾಪು ಕೆಳಗೆ ಬಿಟ್ಟು ಕೊಳವೆಯ ಪಕ್ಕದಲ್ಲೇ ಕೂತೆ. ಎರಡೂ ಸಂಜೆ ಉಬ್ಬು ಬಂತು, ರಾಯಚೂರಿನಲ್ಲೂ ಬಂತು, ಅದೇ ಎತ್ತರಕ್ಕೆ. ಪದರ ಖರೆ, ನನ್ನ ಮಷೀನೂ ಖರೆ! ಕೊನೆಯ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಎಷ್ಟು ಅಲುಗಿಸಿದರೂ ನಾನು ಅಲುಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು.

ಮಲ್ಲಟದ ಸಂಜೆಯನ್ನು ಪ್ರಬಂಧದಲ್ಲಿ ಸೇರಿಸಲಿಲ್ಲ. ಆದರೆ ಅದು ನನ್ನನ್ನು ಬಿಟ್ಟಿಲ್ಲ. ಅದೇ ತಟ್ಟೆ, ಅದೇ ಕಲ್ಲು ಇಟ್ಟು ಎಷ್ಟು ಸಂಜೆ ಅಳೆದಿದ್ದೇನೋ! ಗೆರೆ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ, ನೆಲಕ್ಕಂಟಿ ಮಲಗಿರುತ್ತದೆ. ಅವತ್ತಿನ ಗೆರೆಯಲ್ಲಿ ಹಳೆಯ ಅಳತೆ ಬೆರೆತಿತ್ತೇ ಎಂದು ಹುಡುಕಿದೆ, ಇಲ್ಲ. ಸರ್ ಅಂತೂ "ಅದೊಂದು ನನ್ನ ಕೇಳಬ್ಯಾಡವಾ," ಅಂದುಬಿಟ್ಟಿದ್ದಾರೆ.

ಅತ್ತೆಗೆ ಮಾತ್ರ ಯಾವ ಚಿಂತೆಯೂ ಇಲ್ಲ. ಮನೆಗೆ ಯಾರೇ ಬರಲಿ, ತಟ್ಟೆ ತಂದು ತೋರಿಸುತ್ತಾರೆ: "ನಾ ಬಾಯಿ ಮುಚ್ಚಿದ್ರೂ ಮುಗಲು ಕಂಡಿತ್ರೀ ಇಕಿ ಮಷೀನಿಗೆ! ಎಂಥಾ ಮಷೀನ್ ಇರಬೇಕು ಹೇಳ್ರಿ!"

ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ಹೇಗೆ ಕಂಡಿತು ಎಂದು ಬಂದವರು ನನ್ನನ್ನೇ ಕೇಳುತ್ತಾರೆ. ನನಗೆ ಇವತ್ತಿಗೂ ಗೊತ್ತಿಲ್ಲ.