ಮಕ್ಕಳ ಮುಖ ಯಾವ ಕಡೆ?

ಜಗತ್ತಿನ ತತ್ವಜ್ಞಾನಿಗಳೆಲ್ಲ ಸೇರಿ ಎರಡೂವರೆ ಸಾವಿರ ವರ್ಷ ತಲೆ ಕೆರೆದುಕೊಂಡರೂ ಕೇಳಲು ಹೊಳೆಯದ ಪ್ರಶ್ನೆಯೊಂದನ್ನು, ಆ ಶಿಕ್ಷಕರ ತರಬೇತಿ ಕಾಲೇಜಿನ ಜವಾನ ಬೆಂಚಪ್ಪ ಬರೀ ನಾಲ್ಕು ಪದಗಳಲ್ಲಿ ಕೇಳಿಬಿಟ್ಟಿದ್ದ: "ಮಕ್ಕಳ ಮುಖ ಯಾವ ಕಡೆ?"

ಈ ಪ್ರಶ್ನೆ ನಾಲ್ವರು ಪ್ರಿನ್ಸಿಪಾಲರನ್ನು ನುಂಗಿ ನೀರು ಕುಡಿದಿತ್ತು ಎಂದು ಪ್ರತೀತಿ. ಐದನೆಯವರಂತೂ ಕೇಳಿಸಿಕೊಂಡ ದಿನವೇ ವರ್ಗಾವಣೆಗೆ ಅರ್ಜಿ ಹಾಕಿದರಂತೆ. ಆ ಅರ್ಜಿ ಒಂದು ವಾರ ಮೊದಲೇ ಹೋಗಿತ್ತು ಎಂದು ಗುಮಾಸ್ತರು ಹೇಳುತ್ತಿದ್ದರು. ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ದಂತಕತೆ ಹೊರಟ ದಾರಿಗೆ ದಾಖಲೆ ಅಡ್ಡ ಬರಬಾರದಲ್ಲ.

ಬೆಂಚಪ್ಪ ಎಂಬುದು ಹೆತ್ತವರು ಇಟ್ಟ ಹೆಸರೇನಲ್ಲ. ಕಾಲೇಜಿಗೆ ಅಂಟಿಕೊಂಡಿದ್ದ ಪುಟ್ಟ ಶಾಲೆಯ ಬೆಂಚುಗಳನ್ನು ಇಪ್ಪತ್ತೆರಡು ವರ್ಷ ಎತ್ತಿ ಇಳಿಸಿ ಸಂಪಾದಿಸಿದ ಬಿರುದು. ಹಳೇ ಕಾಲದ ಮರ. ಡೆಸ್ಕು, ಸೀಟು, ಒರಗು ಎಲ್ಲ ಒಂದಕ್ಕೊಂದು ಬೆಸೆದ ಹೆಣಭಾರದ ಬೆಂಚುಗಳು. ಶಿಕ್ಷಣದಲ್ಲಿ ಹೊಸ ಗಾಳಿ ಬೀಸಿದಾಗಲೆಲ್ಲ ಮೊದಲು ಅಲುಗುತ್ತಿದ್ದದ್ದು ಇವೇ. ಸಿಲೆಬಸ್ಸು ಅಲುಗಲು ಸರ್ಕಾರದ ಆದೇಶ ಬೇಕು, ಮೇಷ್ಟ್ರುಗಳು ಅಲುಗಲು ಮಧ್ಯಾಹ್ನದ ಗಂಟೆ ಬೇಕು. ಬೆಂಚು ಅಲುಗಲು ಬೆಂಚಪ್ಪನೊಬ್ಬನಿದ್ದರೆ ಸಾಕು.

ಮೊದಲನೆಯ ಪ್ರಿನ್ಸಿಪಾಲರು ಆದರ್ಶವಾದಿ. ಬೆಂಚುಗಳನ್ನು ದಾರ ಹಿಡಿದಂತೆ ಸಾಲಾಗಿ ಇಡಿಸಬೇಕೆಂದರು. ಬೆಂಚಪ್ಪ ಎಡಗೈಯನ್ನು ಸೊಂಟಕ್ಕೆ ಊರಿ, ಮುಖ ಕೊಂಚ ಕಿವುಚಿ, ತನ್ನ ಪ್ರಶ್ನೆ ಕೇಳಿದ. "ಸತ್ಯದ ಕಡೆಗಪ್ಪಾ!" ಎಂದು ಶುರುಮಾಡಿದವರು ಮುಕ್ಕಾಲು ಗಂಟೆ ಮಾತಾಡಿದರು. ಬೆಂಚಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರೆ ಬೋರ್ಡಿನ ಕಡೆ ತಾನೆ ಸಾರ್?" ಎಂದ.

ಎರಡನೆಯವರು ನಿಸರ್ಗವಾದಿ. ಮಗು ಬಳ್ಳಿಯಿದ್ದಂತೆ, ಗೋಡೆಯೊಳಗೆ ಬಾಡುತ್ತದೆ ಎಂದು ಬೆಂಚುಗಳನ್ನೆಲ್ಲ ಅಂಗಳದ ಮರದಡಿ ಹೊರಿಸಿದರು. ಮುಖ ಯಾವ ಕಡೆ ಎಂದಾಗ "ಆಕಾಶದ ಕಡೆ" ಎಂದು ತಾವೇ ಮೇಲೆ ನೋಡಿದರು. ಅದೇ ಗಳಿಗೆಗೆ ಕಾಗೆಯೊಂದು ತನ್ನ ಅಭಿಪ್ರಾಯವನ್ನೂ ಸೇರಿಸಿತು. ಮರುದಿನ ಬೆಂಚುಗಳು ಒಳಗೆ ಬಂದವು.

ಮೂರನೆಯವರು ವ್ಯವಹಾರವಾದಿ, ಮಾಡಿ ಕಲಿ ಎನ್ನುವವರು. ನಾಲ್ಕು ನಾಲ್ಕು ಬೆಂಚು ಎದುರುಬದುರಾದವು. ಪ್ರತಿ ಗುಂಪಿನಲ್ಲಿ ಒಬ್ಬಳು ಮಾಡಿದಳು, ಮಿಕ್ಕವರು ಅವಳಿಂದ ಮಾಡಿಸುವುದನ್ನು ಕಲಿತರು. ಕಲಿಕೆಯಂತೂ ಆಯಿತು.

ನಾಲ್ಕನೆಯವರು ಅಸ್ತಿತ್ವವಾದಿ. "ಮಗು ತನ್ನ ಜಾಗವನ್ನು ತಾನೇ ಆರಿಸಲಿ" ಎಂದರು. ಮೂವತ್ತೆಂಟು ಮಕ್ಕಳೂ ಒಕ್ಕೊರಲಿನಿಂದ ಕೊನೇ ಬೆಂಚು ಆರಿಸಿದರು.

"ಕೊನೇ ಬೆಂಚು ಒಂದೇ ಇರೋದು ಸಾರ್."

"ಎಲ್ಲವನ್ನೂ ಕೊನೇದು ಮಾಡು!"

ಬೆಂಚಪ್ಪ ಎಲ್ಲವನ್ನೂ ಹಿಂದಿನ ಗೋಡೆಗುಂಟ ಒಂದೇ ಸಾಲು ಹಚ್ಚಿದ. ಸಾಲು ಬಾಗಿಲು ದಾಟಿ ವರಾಂಡದಲ್ಲಿ ಹೆಡ್ಮಾಸ್ಟರ ಕುರ್ಚಿಯ ತನಕ ಹೋಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಕಿಟಕಿಯಾಚೆ ನಿಂತು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದವರು ಕಾಲೇಜಿನ ತತ್ವಶಾಸ್ತ್ರದ ಮೇಡಂ. ಶಿಕ್ಷಣದ ಮೇಲೆ ದರ್ಶನಗಳ ಪ್ರಭಾವ ಎಂಬ ವಿಷಯದ ಮೇಲೆ ಅವರು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದರು. ಹನ್ನೊಂದು ವರ್ಷದಿಂದ. ಮನೆಯಲ್ಲಿ ಅತ್ತೆ ಚುಚ್ಚುತ್ತಿದ್ದರು: "ನೀನು ಸೊಸೆಯಾಗಿ ಬಂದಾಗ ಒಂದು ಅಧ್ಯಾಯ ಬಾಕಿ ಅಂದೆ. ಮೊಮ್ಮಗಳು ನಾಲ್ಕನೇ ಕ್ಲಾಸಿಗೆ ಬಂದಳು, ಈಗಲೂ ಒಂದು ಅಧ್ಯಾಯ. ಏನಮ್ಮಾ, ಅದೇ ಅಧ್ಯಾಯಾನಾ, ಇಲ್ಲ ಅದೂ ಮರಿ ಹಾಕಿದೆಯಾ?"

ಆ ಕೊನೆಯ ಅಧ್ಯಾಯಕ್ಕೆ ಜೀವ ಕೊಟ್ಟದ್ದು ಬೆಂಚಪ್ಪ. 'ದಿಕ್ಕಿನ ಪ್ರಶ್ನೆ: ಒಬ್ಬ ಅನಾಮಿಕ ದಾರ್ಶನಿಕ' ಎಂಬ ತಲೆಬರಹದಡಿ ಅರವತ್ತೆರಡು ಪುಟ. ಅದರಲ್ಲಿ ಹನ್ನೊಂದು ಪುಟ ಬರೀ ಸೊಂಟದ ಮೇಲಿನ ಎಡಗೈಗೆ ಮೀಸಲು. ಅದು ಅಧಿಕಾರದೆದುರು ಜ್ಞಾನ ತಲೆಯೆತ್ತಿ ನಿಲ್ಲುವ ಭಂಗಿಯಂತೆ. ಒಮ್ಮೆ, ಒಂದೇ ಒಂದು ಸಲ, ಮೇಡಂ ಅವನನ್ನೇ ಕೇಳಿದ್ದರು: "ಯಾಕಪ್ಪಾ ಯಾವಾಗಲೂ ಅದನ್ನೇ ಕೇಳ್ತೀಯ?"

"ಕೇಳ್ದೆ ಹೆಂಗಮ್ಮಾ?" ಎಂದಿದ್ದ ಬೆಂಚಪ್ಪ.

ಮೇಡಂ ಮೈ ಜುಂ ಎಂದಿತ್ತು. ಆ ಮಾತನ್ನು ಅಧ್ಯಾಯದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದರು. ಮುಂದೆ ಇನ್ನೊಂದು ಪ್ರಶ್ನೆ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಕೊನೆಗೂ ಮೌಖಿಕ ಪರೀಕ್ಷೆಯ ದಿನ ಬಂತು. ವಿಶ್ವವಿದ್ಯಾಲಯ ಈಗಾಗಲೇ ಮೂರು ಸಲ ಗಡುವು ವಿಸ್ತರಿಸಿತ್ತು. ಇವತ್ತು ಸಹಿ ಬಿದ್ದರೆ ಡಾಕ್ಟರು. ಬೀಳದಿದ್ದರೆ ಹನ್ನೊಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪರೀಕ್ಷಕರು ಮೂವರು: ಒಬ್ಬ ಹಳೇ ಆದರ್ಶವಾದಿ, ಒಬ್ಬ ಹೊಸ ವ್ಯವಹಾರವಾದಿ, ಅವರ ನಡುವೆ ಬಿಳಿಗೂದಲಿನ ಅಧ್ಯಕ್ಷೆ. ನಲವತ್ತು ವರ್ಷ ಪರರ ಪ್ರಬಂಧ ಓದಿ ಓದಿ ಆಕೆಯ ಕಣ್ಣೂ ತಾಳ್ಮೆಯೂ ಸಮವಾಗಿ ಸವೆದಿದ್ದವು.

ಶಾಲೆಯ ಕೋಣೆಯೇ ಪರೀಕ್ಷೆಯ ಜಾಗ. ಮೇಡಂ ಕೂರಲು ಒಂದು ಬೆಂಚು ಬೇಕಾಯಿತು. ಬೆಂಚಪ್ಪ ಅದರ ಒಂದು ತುದಿ ಎತ್ತಿ, ನಿಂತ. ಎಡಗೈ ಸೊಂಟಕ್ಕೆ ಹೋಯಿತು.

"ಮೇಡಂ ಮುಖ ಯಾವ ಕಡೆ ಸಾರ್?"

"ಪರೀಕ್ಷಕರ ಕಡೆ, ಮತ್ತೆಲ್ಲಿ?" ಎಂದರು ಆದರ್ಶವಾದಿ. "ಗುರುವಿನ ಎದುರು ಶಿಷ್ಯ. ಪರಂಪರೆ ಇರೋದೇ ಹಾಗೆ."

"ಎದುರು ಕೂರಿಸೋದು ಕೋರ್ಟಲ್ಲಿ ಸಾರ್," ಎಂದರು ವ್ಯವಹಾರವಾದಿ. "ಪಕ್ಕದಲ್ಲಿ ಕೂರಿಸಿ. ಜೊತೆಗೂಡಿ ಹುಡುಕೋಣ."

"ನೀವು ಜೊತೆಗೂಡಿ ಹುಡುಕೋದು ಟೀ ಎಲ್ಲಿ ಅಂತ ಮಾತ್ರ."

"ನೀವು ಹುಡುಕೋದೇ ಬೇಡವಲ್ಲ, ಹುಟ್ಟುವಾಗಲೇ ಸಿಕ್ಕಿಬಿಟ್ಟಿದೆ!"

ಐವತ್ತು ನಿಮಿಷ. ಮೇಡಂ ನಿಂತೇ ಇದ್ದರು. ಬೆಂಚಪ್ಪ ತುದಿಯನ್ನು ಕೆಳಗಿಟ್ಟು, ಎತ್ತಿ, ಮತ್ತೆ ಕೆಳಗಿಟ್ಟ. ಆದರೆ ಮೇಡಂ ಒಳಗೊಳಗೇ ಹಿಗ್ಗುತ್ತಿದ್ದರು. ತಮ್ಮ ಅರವತ್ತೆರಡು ಪುಟ ಕಣ್ಣೆದುರೇ ಕೈಕಾಲು ಬಂದು ಕುಣಿಯುತ್ತಿದೆ! ನಾಲ್ಕು ಪದಕ್ಕೆ ಎರಡು ದರ್ಶನಗಳು ಜುಟ್ಟು ಹಿಡಿದುಕೊಂಡಿವೆ! ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಧ್ಯಕ್ಷೆ ಮೇಜು ಕುಟ್ಟಿದರು. "ಸಾಕು. ಇಬ್ಬರೂ ಸಹಿ ಹಾಕಿ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸಹಿ ಹಾಕಿದರು. ಆಕೆ ಮಾತ್ರ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ನೋಡಮ್ಮಾ," ಎಂದರು ಮೇಡಂ ಕಡೆ ತಿರುಗಿ. "ನಾನೂರು ಪುಟ ಓದಿದೆ. ಒಂದು ಕಡೆ ಹೀಗೂ ಇರಬಹುದು ಅಂತೀಯ, ಇನ್ನೊಂದು ಕಡೆ ಹಾಗೂ ಇರಬಹುದು ಅಂತೀಯ. ಇಡೀ ಪ್ರಬಂಧದಲ್ಲಿ ಒಂದೇ ಒಂದು ನೇರ ಉತ್ತರ ಇಲ್ಲ. ಕೊನೇ ಅಧ್ಯಾಯದಲ್ಲಿ ಈ ಮನುಷ್ಯನನ್ನ ಆಕಾಶಕ್ಕೆ ಏರಿಸಿದೀಯ. ಸರಿ, ಅವನನ್ನೇ ಕೇಳ್ತೀನಿ. ನೇರವಾಗಿ ಒಂದು ಉತ್ತರ ಕೊಟ್ಟರೆ ಸಹಿ. ಅವನೂ ನಿನ್ನ ಹಾಗೆ ಸುತ್ತಿ ಬಳಸಿದರೆ, ದೇವರಾಣೆಗೂ ಇಲ್ಲ."

ಮೇಡಂ ಬೆಂಚಪ್ಪನ ಬಳಿ ಸರಿದು ಪಿಸುಗುಟ್ಟಿದರು: "ಅಪ್ಪಾ, ಮಗುವಿನ ಅಂತರಂಗ ಅನ್ನು. ಇಲ್ಲಾಂದ್ರೆ ಬದುಕಿನ ಗುರಿ ಅನ್ನು. ಎರಡರಲ್ಲಿ ಒಂದು."

"ಅಷ್ಟೊಂದೆಲ್ಲ ನಂಗೆ ಬಾಯಿಗೆ ಬರಲ್ಲಮ್ಮಾ."

"ಪಿಸುಮಾತು ಬೇಡ," ಎಂದರು ಅಧ್ಯಕ್ಷೆ. ಪೆನ್ನಿನ ಮುಚ್ಚಳ ತಿರುಗಿಸಿ ತೆಗೆದರು. "ಏನಪ್ಪಾ, ಇಪ್ಪತ್ತೆರಡು ವರ್ಷದಿಂದ ಬಂದೋರನ್ನೆಲ್ಲ ಮಕ್ಕಳ ಮುಖ ಯಾವ ಕಡೆ ಅಂತ ಕೇಳ್ತಾ ಬಂದಿದೀಯಂತೆ. ಯಾಕೆ ಕೇಳ್ತೀಯ?"

ಆದರ್ಶವಾದಿ ಕನ್ನಡಕ ಸರಿಪಡಿಸಿಕೊಂಡರು. ವ್ಯವಹಾರವಾದಿ ಬರೆದುಕೊಳ್ಳಲು ಹಾಳೆ ತೆಗೆದರು. ಮೇಡಂ ಕಣ್ಣು ಮುಚ್ಚಿಕೊಂಡರು. ಬೆಂಚಪ್ಪ ಒಮ್ಮೆ ಬೆಂಚನ್ನು ನೋಡಿದ, ಒಮ್ಮೆ ಅಧ್ಯಕ್ಷೆಯನ್ನು ನೋಡಿದ, ಎಡಗೈಯಿಂದ ಸೊಂಟ ನೀವಿಕೊಂಡ.

"ಒರಗು ಒಂದೇ ಕಡೆ ಐತಲ್ಲಮ್ಮಾ ಇದಕ್ಕೆ. ಮುಖ ಯಾವ ಕಡೆ ಅಂತ ಮೊದಲೇ ಕೇಳ್ಕೊಳ್ದಿದ್ರೆ, ಇಟ್ಟ ಮೇಲೆ ಮತ್ತೆ ತಿರುಗಿಸು ಅಂತಾರೆ. ಸೊಂಟ ನಂದು."